ಮಾವನವರನ್ನೂ ಕೇಳಿ

ಸಂಜೆಯ ಶಂಖ ಕೇಳಿದಾಗ ಲೂಪೆ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಸುರಿದು ಪೊಟ್ಟಣ ಕಟ್ಟುತ್ತಿದ್ದಳು. ಕೈ ತೊಳೆದುಕೊಂಡು ಬಂದು ಕೇದಗೆ ಚಾಪೆ ಹಾಸಿದಳು. ಆ ಹೊತ್ತಿಗೆ ಊರಿನ ರಸ್ತೆಯಲ್ಲಿ ಯಾರೂ ನಡೆಯುವಂತಿಲ್ಲ. ಮನೆಮನೆಯಲ್ಲೂ ಪ್ರಾರ್ಥನೆ. ಅತ್ತೆ ಒಲಿವಾ ಮಂಡಿ ಹಿಡಿದುಕೊಂಡು ಕಂಬಕ್ಕೊರಗಿ ಕೂತರು. ನಾದಿನಿ ಉಲಾ ಕೂದಲು ಕಟ್ಟುತ್ತಾ ಬಂದಳು. ಅಂಗಳದಲ್ಲಿ ಕಪ್ಪೆಚಿಪ್ಪು ಆಡುತ್ತಿದ್ದ ಮಸಿನ ಮಾತ್ರ ತಲೆಯೆತ್ತಲಿಲ್ಲ. ಅವಳು ಲೂಪೆಯ ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಶಂಖದ ದನಿ ಅವಳ ಕಿವಿಗೆ ಎಂದೂ ಬಿದ್ದಿರಲಿಲ್ಲ. ಬೇರೆ ಯಾವ ದನಿಯೂ ಬಿದ್ದಿರಲಿಲ್ಲ.

ಮಾವ ಲೆವಾಸಾ ಗಾಳಿಯಲ್ಲಿ ಕೈ ಚಾಚಿದರು. ಅವರು ಆ ಮನೆತನದ ಮತಾಯಿ. ಊರ ಸಭೆಯಲ್ಲಿ ಮಾತಾಡುವ ಹಿರಿಯರು. ನೆಲದ ಮೇಲೆ ಅವರ ಕೈಯ ನೆರಳು ಕಂಡದ್ದೇ ತಡ, ಮಸಿನ ಓಡಿಬಂದು ಆ ಕೈ ಹಿಡಿದು ಅಜ್ಜನನ್ನು ಅವರ ಜಾಗಕ್ಕೆ ಕರೆತಂದು ಕೂರಿಸಿದಳು.

ಲೆವಾಸಾ ಬೈಬಲ್ ತೆರೆದು ಗಂಭೀರವಾದ ದನಿಯಲ್ಲಿ ಓದತೊಡಗಿದರು. ಪುಸ್ತಕ ತಲೆಕೆಳಗಾಗಿತ್ತು.

ಉಲಾ ಅದನ್ನು ನೋಡಿದಳು. ಒಲಿವಾ ನೋಡಿದರು. ಎಲ್ಲರೂ ತಲೆ ಇನ್ನಷ್ಟು ತಗ್ಗಿಸಿದರು. ಮಸಿನ ಮಾತ್ರ ಮುಂದಕ್ಕೆ ಬಾಗಿ, ಅಜ್ಜನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಪುಸ್ತಕವನ್ನು ನೇರಮಾಡಿ ಮತ್ತೆ ಕೈಗಿಟ್ಟಳು. ಓದು ಒಂದು ಅಕ್ಷರವೂ ತಪ್ಪದೆ ಸಾಗಿಯೇ ಇತ್ತು.

ಆ ಮನೆಗೆ ಗೋಡೆಗಳಿರಲಿಲ್ಲ. ಸುತ್ತ ಕಂಬಗಳು, ಮೇಲೆ ಮಾಡು, ಮಳೆ ಬಂದರೆ ಇಳಿಬಿಡಲು ತೆಂಗಿನ ಗರಿಯ ತಡಿಕೆಗಳು. ಸವಾಯಿ ದ್ವೀಪದ ಆ ಕಡಲ ಊರಿನಲ್ಲಿ ಹಳೆಯ ಮನೆಗಳೆಲ್ಲ ಹೀಗೆಯೇ. ಯಾರು ಉಂಡರು, ಯಾರು ಮುನಿದರು ಎಂಬುದೆಲ್ಲ ದಾರಿಗೆ ಕಾಣುತ್ತದೆ. ಕಂಡದ್ದನ್ನು ಕಾಣಲಿಲ್ಲವೆಂಬಂತೆ ನಡೆದುಹೋಗುವುದು ಅಲ್ಲಿ ದೊಡ್ಡ ಮರ್ಯಾದೆ. ಆ ಮರ್ಯಾದೆಯ ಮರೆಯಲ್ಲಿ ಒಂದು ಮಗು ಬೆಳೆಯುತ್ತಿತ್ತು. ಓದುವ ತಾಯಂದಿರೇ, ಗೋಡೆಯಿಲ್ಲದ ಮನೆಯಲ್ಲೂ ಮಗುವನ್ನು ಬಚ್ಚಿಡಬಹುದು ಎಂದರೆ ನೀವು ನಂಬಬೇಕು.

ಹೊರಗಿನವರು ಬಂದರೆ ಮಸಿನ ಹಿತ್ತಲ ಅಡುಗೆ ಗುಡಿಸಲಿಗೆ ಹೋಗಬೇಕು. ಅದು ಒಲಿವಾ ಮಾಡಿದ ಕಟ್ಟಳೆ. ಅವರ ತಾಯಿ, ತಾಯಿಯ ತಾಯಿಯ ಕಾಲದಿಂದಲೂ ಕುಂಟರು, ಕುರುಡರು, ಕಿವುಡರು ಹಿತ್ತಲಿಗೇ ಸೇರಿದವರು.

"ನನಗೇನು ಮೊಮ್ಮಗಳ ಮೇಲೆ ಪ್ರೀತಿ ಇಲ್ವಾ?" ಎನ್ನುತ್ತಿದ್ದರು ಒಲಿವಾ. "ಆದ್ರೆ ಜನ ಏನಂತಾರೆ? ಈ ಮನೇಲಿ ಹಿರಿಯರು ಏನೋ ಪಾಪ ಮಾಡಿದಾರೆ, ಅದಕ್ಕೇ ಶಾಪ ತಟ್ಟಿದೆ ಅಂತಾರೆ. ಉಲಾಳ್ನ ಯಾರು ಮಾಡ್ಕೋತಾರೆ? ನಿಮ್ಮ ಮಾವ ಸಭೇಲಿ ಹೇಗೆ ತಲೆ ಎತ್ತಿ ಮಾತಾಡ್ತಾರೆ?"

ಲೂಪೆ ಎದುರಾಡುತ್ತಿರಲಿಲ್ಲ. ಗಂಡ ನ್ಯೂಜಿಲೆಂಡಿನ ಹಣ್ಣಿನ ತೋಟಕ್ಕೆ ದುಡಿಯಲು ಹೋಗಿದ್ದ. ಸೊಸೆಯ ಬಾಯಿಗೆ ಮನೆಯಲ್ಲಿ ಎಷ್ಟು ಜಾಗವೋ ಅಷ್ಟನ್ನೇ ಬಳಸುತ್ತಿದ್ದಳು.

ಉಲಾಳನ್ನು ಕೇಳಲು ಗಂಡಿನ ಕಡೆಯವರು ಬಂದ ಭಾನುವಾರ ಮಸಿನ ಗುಡಿಸಲಲ್ಲಿದ್ದಳು. ಪಕ್ಕದ ಮನೆಯ ಗಂಡಸರು ಎಲೆಪೊಟ್ಟಣ ಬೇಯಿಸಲು ಅಡುಗೆಯ ಕೆಂಡದಿಂದ ಕಾದ ಕಲ್ಲುಗಳನ್ನು ಎಳೆದು ಹರಡುತ್ತಿದ್ದರು. "ಸರಿ, ಆಚೆ ಸರಿ!" ಎಂದು ಕೂಗಿದರು. ಅವಳು ಬೆನ್ನು ತಿರುಗಿಸಿ ಎಲೆ ಹರಿಯುತ್ತಿದ್ದಳು. ಕಲ್ಲೊಂದು ಉರುಳಿ ಅವಳ ಮೊಣಕೈಯಿಂದ ಮಣಿಕಟ್ಟಿನವರೆಗೂ ಚರ್ಮ ಸುಟ್ಟಿತು.

ಆ ಚೀರಾಟ ಮುಂದೆ ನೆಂಟರು ಕೂತಿದ್ದಲ್ಲಿಗೂ ಕೇಳಿತು. ಲೂಪೆಯ ಕೈಯಲ್ಲಿ ನೆಂಟರಿಗೆ ಕೊಡುವ ಕೋಕೋ ಲೋಟಗಳಿದ್ದವು.

"ಏನದು?" ಎಂದರು ಗಂಡಿನ ತಾಯಿ.

"ಹಂದಿಮರಿ ಇರಬೇಕು," ಎಂದರು ಒಲಿವಾ. "ಕುಡೀರಿ, ಆರಿಹೋಗುತ್ತೆ."

ಲೂಪೆ ಎಲ್ಲರಿಗೂ ಕೋಕೋ ಕೊಟ್ಟಳು. ಕೊಟ್ಟು ಮುಗಿಯುವವರೆಗೂ ಹಿತ್ತಲ ಕಡೆ ಹೋಗಲಿಲ್ಲ. ನೆಂಟರು ಹೋದಮೇಲೆ ಒಲಿವಾ ಮೊಮ್ಮಗಳ ಕೈಗೆ ಎಣ್ಣೆ ಹಚ್ಚುತ್ತಾ ಗೋಳೋ ಎಂದು ಅತ್ತರು. ಲೂಪೆಗೆ ಅಳು ಬರಲಿಲ್ಲ. ತನ್ನ ಮಗಳನ್ನು ಹಂದಿಮರಿ ಎಂದಾಗ ತಾನು ಲೋಟ ಹಂಚುತ್ತಿದ್ದೆ ಎಂಬ ಒಂದೇ ಮಾತು ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಗಾಯ ಮಾಗುವ ಮೊದಲೇ ಅವಳು ಶಾಲೆಯ ಹೆಡ್‌ಮಾಸ್ತರರ ಬಳಿ ಹೋದಳು. ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯಲ್ಲೇ ಓದು ಕಲಿಸುವವರು ರಾಜಧಾನಿ ಅಪಿಯಾದಲ್ಲಿ ಇದ್ದಾರಂತೆ, ಒಬ್ಬರನ್ನು ಈ ಕಡೆ ಕಳಿಸಲಾರರೇ ಎಂದು ಕೇಳಿದಳು.

"ನಾನೂ ಕೇಳಿದ್ದೆನಮ್ಮ," ಎಂದರು ಅವರು. "ಈ ಕಡಲಂಚಿನ ಊರುಗಳಲ್ಲಿ ಅಂಥ ಮಕ್ಕಳೇ ಇಲ್ಲ ಅಂತ ಸರ್ಕಾರದ ಸಮೀಕ್ಷೆಯಲ್ಲಿ ಬಂದಿದೆ. ಇಲ್ಲದ ಮಕ್ಕಳಿಗೆ ಟೀಚರನ್ನ ಎಲ್ಲಿಂದ ಕಳಿಸ್ತಾರೆ?"

ದಾರಿಯುದ್ದಕ್ಕೂ ಲೂಪೆಗೆ ಹಿಂದಿನ ಸಮೀಕ್ಷೆಯ ದಿನ ನೆನಪಾಯಿತು. ಬಂದವನು ಚಾಪೆಯ ಮೇಲೆ ಸರಿಯಾಗಿ ಕೂರುವ ಮೊದಲೇ ಕೇಳಿದ್ದ: "ಈ ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರೆಯೇ?" ಲೆವಾಸಾ "ಇಲ್ಲ" ಎಂದಿದ್ದರು. ಲೂಪೆ ತಲೆ ತಗ್ಗಿಸಿದ್ದಳು. ಮನೆಮನೆಯಲ್ಲೂ ಹಾಗೆಯೇ ಹೇಳಿದ್ದಿರಬೇಕು. ಆ "ಇಲ್ಲ" ಅಪಿಯಾದವರೆಗೂ ಹೋಗಿ, ತಿರುಗಿ ಬಂದು, ಈಗ ತನ್ನ ಮಗಳಿಗೇ ಅಡ್ಡ ನಿಂತಿತ್ತು.

ಕೆಲವು ತಿಂಗಳ ಮೇಲೆ ಪಾದ್ರಿಗಳು ಇಗರ್ಜಿಯಲ್ಲಿ ಮತ್ತೊಂದು ಸಮೀಕ್ಷೆಯ ಸುದ್ದಿ ಹೇಳಿದರು. ಮರುದಿನ ಬೆಳಿಗ್ಗೆ ಊರ ದಾರಿಯಲ್ಲಿ ಸಮೀಕ್ಷೆಗೆಂದು ಬಂದ ವೈಯೋಲಾ ಕಾಣಿಸಿಕೊಂಡಳು. ಪಕ್ಕದ ಊರವಳು, ದುಂಡುಮುಖದ ಹೆಂಗಸು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಟ್ಯಾಬ್.

"ಮಸಿನಳ್ನ ಹಿಂದಕ್ಕೆ ಕಳಿಸು," ಎಂದರು ಒಲಿವಾ ಮೆಲ್ಲಗೆ.

ಲೂಪೆ ಮಗಳ ಕೈ ಹಿಡಿದಳು. ಗಾಯದ ಹೊಸ ಚರ್ಮ ಬೆರಳಿಗೆ ನುಣ್ಣಗೆ ತಾಗಿತು. "ಇಲ್ಲೇ ಇರ್ತಾಳೆ ಅತ್ತೆ."

"ಏನಂದೆ?"

"ಇಲ್ಲೇ, ನನ್ನ ಪಕ್ಕ ಕೂತ್ಕೋತಾಳೆ. ಗುಡಿಸಲಿಗೆ ಹೋಗಲ್ಲ."

ಅಷ್ಟರಲ್ಲಿ ವೈಯೋಲಾ ಒಳಗೆ ಬಂದು ಕಾಲು ಮಡಚಿ ಕೂತಾಗಿತ್ತು.

ಉಭಯಕುಶಲೋಪರಿ ಮುಗಿದ ಮೇಲೆ ವೈಯೋಲಾ ಟ್ಯಾಬ್ ತೆರೆಯುವ ಮೊದಲೇ ಒಲಿವಾ ಹೇಳಿಬಿಟ್ಟರು: "ನಮ್ಮ ಮನೇಲಿ ಅಂಗವಿಕಲರು ಅಂತ ಯಾರೂ ಇಲ್ಲಮ್ಮ, ಬರಕೋ."

"ನಾನದನ್ನ ಕೇಳೋದೇ ಇಲ್ಲ ಅಮ್ಮ," ಎಂದು ನಕ್ಕಳು ವೈಯೋಲಾ. "ಆ ಪ್ರಶ್ನೆ ತೆಗೆದುಹಾಕಿದಾರೆ. ಒಂದೂರಲ್ಲಿ ಕುರುಡರನ್ನ ಮಾತ್ರ ಲೆಕ್ಕ ಹಿಡಿದ್ರು, ಇನ್ನೊಂದೂರಲ್ಲಿ ಕುಂಟರನ್ನೂ ಸೇರಿಸಿದ್ರು, ಮತ್ತೊಂದೂರಲ್ಲಿ ನಾಚಿಕೆಗೆ ಯಾರೂ ಬಾಯೇ ಬಿಡಲಿಲ್ಲ. ಒಂದನ್ನ ಇನ್ನೊಂದರ ಪಕ್ಕ ಇಟ್ಟು ನೋಡೋಕೇ ಆಗಲಿಲ್ಲ. ಈಗ ಎಲ್ಲ ದ್ವೀಪದಲ್ಲೂ ಅವೇ ಪ್ರಶ್ನೆ, ಅವೇ ಮಾತು. ನೋಡೋಕೆ, ಕೇಳೋಕೆ, ನಡೆಯೋಕೆ, ನೆನಪಿಟ್ಟುಕೊಳ್ಳೋಕೆ, ಸ್ನಾನ ಮಾಡಿ ಬಟ್ಟೆ ಹಾಕ್ಕೊಳ್ಳೋಕೆ, ಹೇಳಿದ್ದು ಇನ್ನೊಬ್ಬರಿಗೆ ಅರ್ಥ ಆಗೋಕೆ ಕಷ್ಟ ಇದೆಯಾ ಅಂತ. ಕಷ್ಟ ಇಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗೋದೇ ಇಲ್ಲ. ಇಷ್ಟರಲ್ಲಿ ಒಂದು ಹೇಳಿದ್ರೆ ಸಾಕು."

"ಹಾಗಾದ್ರೆ ಕೇಳು ನನ್ನನ್ನ," ಎಂದರು ಒಲಿವಾ ಬಿಗುಮಾನದಿಂದ.

"ನಡೆಯೋಕೆ, ಮೆಟ್ಟಿಲು ಹತ್ತೋಕೆ ನಿಮಗೆ ಕಷ್ಟ ಇದೆಯಾ?"

"ಏನೂ ಇಲ್ಲ."

ಉಲಾ ಕಿಸಕ್ಕನೆ ನಕ್ಕಳು. "ಅಮ್ಮಾ, ಇಗರ್ಜಿಗೆ ಹೋಗೋಕೆ ಪಕ್ಕದ ಮನೆ ಟ್ರಕ್ ಬರಬೇಕು ನಿನಗೆ."

"ಅದು ವಯಸ್ಸಿಗೆ ಕಣೇ! ವಿಕಲ ಅಲ್ಲ!"

"ಯಾತಕ್ಕೆ ಬಂತು ಅಂತ ನಾನು ಕೇಳಲಿಲ್ಲ ಅಮ್ಮ," ಎಂದಳು ವೈಯೋಲಾ. "ಕಷ್ಟ ಇದೆಯಾ ಅಂತ ಅಷ್ಟೇ."

ಒಲಿವಾ ಮಂಡಿ ಸವರಿಕೊಂಡರು. "ಇದೆ. ತುಂಬಾನೇ ಇದೆ. ಬಿಂಗೋ ಆಟದ ದಿನ ಮಾತ್ರ ಸ್ವಲ್ಪ ಕಡಿಮೆ."

ಎಲ್ಲರೂ ನಕ್ಕರು. ಲೆವಾಸಾ ಕೂಡ. ಉಲಾಳ ಸರದಿ ಮುಗಿಯಿತು, ಲೂಪೆಯದೂ ಮುಗಿಯಿತು. ಆಮೇಲೆ ವೈಯೋಲಾ ಲೆವಾಸಾರ ಕಡೆ ಒಮ್ಮೆ ನೋಡಿ, ತಲೆ ಬಾಗಿಸಿ, ಏನೂ ಕೇಳದೆ ಟ್ಯಾಬ್ ಮೇಲೆ ಬೆರಳಾಡಿಸಿದಳು. ಮತಾಯಿಯ ಮುಖ ನೋಡಿ ನಿಮಗೆ ಕಣ್ಣು ಕಾಣುತ್ತದೆಯೇ ಎಂದು ಕೇಳುವ ನಾಲಗೆ ಆ ದ್ವೀಪದಲ್ಲಿ ಯಾರಿಗಿದೆ? ಕೇಳದೆಯೇ "ಕಷ್ಟ ಇಲ್ಲ" ಎಂದು ಒತ್ತಿಬಿಡುವುದೇ ಅವಳಿಗೆ ಗೊತ್ತಿದ್ದ ಮರ್ಯಾದೆ.

"ಇನ್ನು ಈ ಮಗು," ಎಂದಳು.

ಈಗ ತನ್ನ ಮಗಳ ಹೆಸರು ಬರೆಸಿದರೆ ಏನಾಗುತ್ತದೆಂದು ಲೂಪೆಗೆ ಕಂಡಿತು. ಮನೆಯಲ್ಲಿ ಮುದುಕಿಯ ಮಂಡಿನೋವು ಬರೀ ವಯಸ್ಸು ಎನಿಸಿಕೊಳ್ಳುತ್ತದೆ, ಮತಾಯಿಯ ಕಣ್ಣು ಮಾತೇ ಆಗುವುದಿಲ್ಲ, ಮಗುವಿನ ಕಿವಿ ಒಂದೇ ಶಾಪವಾಗಿ ಉಳಿಯುತ್ತದೆ. ಬರೆಸದಿದ್ದರೆ ಮತ್ತೆ ಅದೇ "ಇಲ್ಲ".

"ವೈಯೋಲಾ, ಮಾವನವರನ್ನೂ ಕೇಳಿ."

ಉಲಾಳ ನಗು ನಿಂತುಹೋಯಿತು. ಒಲಿವಾ ಎದ್ದೇಬಿಟ್ಟರು, ಮಂಡಿಯನ್ನೂ ಮರೆತು. "ಲೂಪೆ! ಯಾರ ಬಗ್ಗೆ ಮಾತಾಡ್ತಿದೀಯ ಅಂತ ಗೊತ್ತಿದೆಯಾ?"

"ಗೊತ್ತಿದೆ ಅತ್ತೆ. ಎಲ್ಲರಿಗೂ ಅದೇ ಪ್ರಶ್ನೆ ಅಂದ್ರಲ್ಲ ಅವರು. ನನ್ನ ಕೇಳಿದ್ರು, ನಿಮ್ಮ ಕೇಳಿದ್ರು. ಮಾವನವರನ್ನ ಬಿಟ್ಟು ನನ್ನ ಮಗಳನ್ನ ಮಾತ್ರ ಕೇಳೋದಾದ್ರೆ ನಾನು ಉತ್ತರ ಹೇಳಲ್ಲ. ಹಿತ್ತಲಿಗೆ ಕಳಿಸೋದೂ ಇಲ್ಲ."

ವೈಯೋಲಾಳ ಮುಖ ಕೆಂಪಾಗಿತ್ತು. "ತಪ್ಪು ನನ್ನದೇ. ಟ್ರೈನಿಂಗಲ್ಲಿ ನೂರು ಸಲ ಹೇಳಿದ್ರು, ನೋಡಿ ಬರೀಬೇಡಿ, ಕೇಳಿ ಬರೀರಿ ಅಂತ. ಮನೆಮನೇಲಿ ಹಿರಿಯರ ಮುಂದೆ ಬಾಯಿ ಬರಲಿಲ್ಲ ನನಗೆ."

ಲೆವಾಸಾ ತಮ್ಮ ಬೀಸಣಿಗೆಯನ್ನು ಚಾಪೆಯ ಮೇಲಿಟ್ಟರು.

"ಕೇಳು ಮಗಳೇ."

ವೈಯೋಲಾ ಅವರ ಕಡೆ ತಿರುಗಿ ಕೂತಳು. "ಕನ್ನಡಕ ಹಾಕ್ಕೊಂಡ್ರೂ ನಿಮಗೆ ನೋಡೋಕೆ ಕಷ್ಟ ಇದೆಯಾ, ಅಜ್ಜಾ?"

"ನೀನು ಆ ಕಂಬದ ಹತ್ತಿರ ಕೂತಿದೀಯ ಅಂತ ದನಿಯಿಂದ ಗೊತ್ತಾಗುತ್ತೆ. ಅಲ್ಲಿ ಬೆಳಕಿದೆ. ಮುಖ ಇಲ್ಲ. ಯಾರ ಮುಖಾನೂ ಇಲ್ಲ. ತುಂಬಾ ಕಷ್ಟ ಅಂತ ಬರಕೋ."

"ಅಯ್ಯೋ ದೇವರೇ," ಎಂದು ಒಲಿವಾ ಬಾಯಿ ಮುಚ್ಚಿಕೊಂಡರು. "ಊರಿಗೆಲ್ಲ ಗೊತ್ತಾಗುತ್ತಲ್ಲ!"

"ಮನೆ ಮನೆಯ ಉತ್ತರಾನ ನಾವು ಹೊರಗೆ ಹೇಳಲ್ಲ ಅಮ್ಮ," ಎಂದಳು ವೈಯೋಲಾ.

"ಹೇಳಿದ್ರೂ ಪರವಾಗಿಲ್ಲ," ಎಂದರು ಲೆವಾಸಾ. "ಒಲಿವಾ, ನಮ್ಮ ಮನೆಗೆ ಗೋಡೆ ಎಲ್ಲಿದೆ? ಬೈಬಲ್ ತಲೆಕೆಳಗಾಗಿ ಹಿಡಿದ ದಿನವೇ ಊರಿಗೆ ಗೊತ್ತಾಗಿರುತ್ತೆ. ಗೊತ್ತಿಲ್ಲ ಅಂದ್ಕೊಂಡಿದ್ದು ನಾನೊಬ್ಬನೇ." ಆಮೇಲೆ ದನಿ ತಗ್ಗಿತು. "ನಿನ್ನ ಮಂಡಿ ಯಾವ ಪಾಪಕ್ಕೆ ಹೋಯ್ತು ಹೇಳು. ನನ್ನ ಕಣ್ಣು ಯಾವ ಪಾಪಕ್ಕೆ?"

"ವಯಸ್ಸಿಗೆ ಪಾಪ ಯಾಕೆ ಬೇಕು?"

"ನಮ್ಮದಕ್ಕೆ ಬೇಡ. ಈ ಕೂಸಿನದಕ್ಕೆ ಮಾತ್ರ ಬೇಕಾ? ನನ್ನ ಕೈ ಹಿಡಿದು ಸಮುದ್ರಕ್ಕೆ ಕರಕೊಂಡು ಹೋಗೋಳು ಅವಳು. ಮನೆಗೆ ಜನ ಬಂದಾಗ ನಾನು ಮುಂದೆ ಚಾಪೆ ಮೇಲೆ ಕೂರ್ತೀನಿ, ಅವಳು ಹಿಂದೆ ಹೊಗೇಲಿ. ಅವತ್ತು ಆ ಕೂಗು ಯಾರದು ಅಂತ ನನಗೆ ಗೊತ್ತಿತ್ತು, ಒಲಿವಾ. ಕಣ್ಣು ಕಾಣದವನಿಗೆ ಕಿವಿ ಚುರುಕು. ಹಂದಿಮರಿ ಅಲ್ಲ ಅಂತ ನಾನೂ ಹೇಳಲಿಲ್ಲ."

ಒಲಿವಾ ಮೆಲ್ಲಗೆ ಕೂತರು. ಆಮೇಲೆ, ಯಾರನ್ನೂ ನೋಡದೆ, "ಉಲಾಳ ಮದುವೆ?" ಎಂದರು.

"ಹಾಕು ಬೆಂಕಿ," ಎಂದಳು ಉಲಾ. "ನನ್ನ ಅಣ್ಣನ ಮಗಳನ್ನ ನೋಡಿ ಓಡಿಹೋಗೋ ಗಂಡು ನಾಳೆ ನನ್ನ ಹೊಟ್ಟೇಲಿ ಹುಟ್ಟಿದ್ದನ್ನ ನೋಡಿ ಓಡಿಹೋಗಲ್ವಾ? ಈಗಲೇ ಓಡಲಿ, ಮದುವೆ ಊಟದ ಕಾಸು ಉಳೀತು."

ವೈಯೋಲಾ ನಗು ತಡೆದುಕೊಂಡು ಲೂಪೆಯ ಕಡೆ ತಿರುಗಿದಳು. "ಮಗಳಿಗೆ ಕೇಳೋಕೆ ಕಷ್ಟ ಇದೆಯಾ?"

"ಆಗೋದೇ ಇಲ್ಲ," ಎಂದಳು ಲೂಪೆ. ಹೇಳಿದ ಮೇಲೆ ಕಣ್ಣಲ್ಲಿ ನೀರು ಬಂತು.

"ನಡೆಯೋಕೆ?"

"ಕಷ್ಟ ಇಲ್ಲ. ಓಡ್ತಾಳೆ."

"ನೋಡೋಕೆ?"

"ನನ್ನದನ್ನೂ ಸೇರಿಸಿ ನೋಡ್ತಾಳೆ," ಎಂದರು ಲೆವಾಸಾ.

ಹೊರಡುವಾಗ ಲೂಪೆ ಕೇಳಿದಳು: "ಟೀಚರ್ ಬರ್ತಾರಾ?"

"ಸುಳ್ಳು ಭರವಸೆ ಕೊಡಲ್ಲ ಅಕ್ಕ. ಅದು ನನ್ನ ಕೈಲಿಲ್ಲ. ಆದ್ರೆ ಇನ್ನು ಮೇಲೆ ಇಲ್ಲಿ ಅಂಥ ಮಕ್ಕಳೇ ಇಲ್ಲ ಅಂತ ಯಾರೂ ಹೇಳೋಕಾಗಲ್ಲ." ಅಂಗಳ ದಾಟುತ್ತಾ ಅವಳು ಹಿಂದಕ್ಕೆ, ತಾನು ಬಂದ ದಾರಿಗೇ ತಿರುಗಿದಳು. "ಮೊದಲಿನ ಮನೆಗಳಿಗೆ ವಾಪಸ್ ಹೋಗ್ಬೇಕು. ಅಲ್ಲೂ ಹಿರಿಯರನ್ನ ಕೇಳದೆ ಬಂದಿದೀನಿ."

ಅಂದು ಮಧ್ಯಾಹ್ನ ಊರ ಆ ತುದಿಯಲ್ಲಿ, ಮಳೆಯಿಲ್ಲದಿದ್ದರೂ ವರ್ಷಗಟ್ಟಲೆ ಇಳಿಬಿಟ್ಟೇ ಇದ್ದ ಒಂದು ಮನೆಯ ತಡಿಕೆ ಮೇಲೆದ್ದಿತ್ತು. ಅಲ್ಲಿ ಮಂಚದ ಮೇಲೆ ಒಬ್ಬ ಯುವಕ ಕೂತು ಸಮುದ್ರ ನೋಡುತ್ತಿದ್ದ. ದಾರಿಹೋಕರು ಅಭ್ಯಾಸಬಲದಿಂದ ಮುಖ ತಿರುಗಿಸಿದರು. ಅತ್ತ ಹೋಗಿದ್ದ ಲೂಪೆ ಮಾತ್ರ ನಿಂತು ಅವನಿಗೆ ಕೈಬೀಸಿದಳು. ಅವನೂ ಬೀಸಿದ.

ಸಂಜೆ ಶಂಖ ಮೊಳಗಿತು. ಲೆವಾಸಾ ಗಾಳಿಯಲ್ಲಿ ಕೈ ಚಾಚಿದರು, ಮಸಿನ ಓಡಿಬಂದಳು. ಕೂತ ಮೇಲೆ ಅವರು ಬೈಬಲನ್ನು ತೆರೆಯದೆ ಲೂಪೆಯ ಕಡೆ ನೀಡಿದರು.

"ನೀನು ಓದಮ್ಮ. ನಾನು ಕೇಳ್ತೀನಿ."

ಓದಾಯಿತು. ಹಾಡಿಗೆ ದನಿ ತೆಗೆಯುವಾಗ ಲೆವಾಸಾ ಮೊಮ್ಮಗಳ ಅಂಗೈಯನ್ನು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡರು. ಹಾಡು ಬೆರಳಿಗೆ ತಾಗುತ್ತಲೇ ಮಸಿನಳ ಕಣ್ಣು ಅರಳಿತು, ಬಾಯಿ ತೆರೆಯಿತು. ರಾಗವಿಲ್ಲದ, ಗಟ್ಟಿಯಾದ ಒಂದು ಕೂಗು ಎಲ್ಲರ ದನಿಯ ಮೇಲೆ ಎದ್ದು ರಸ್ತೆಗೆ ಹೋಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಯಾರೂ ನಡೆಯದಂತೆ ಅಲ್ಲಿ ಕಾವಲು ನಿಂತಿದ್ದ ತರುಣರು ತಿರುಗಿ ನೋಡಿದರು.

ಒಲಿವಾ ಹಾಡುತ್ತಲೇ ಎದ್ದರು. ಅವರ ಕೈ ತಡಿಕೆಯ ಹಗ್ಗಕ್ಕೆ ಹೋಯಿತು. ತಡಿಕೆ ಇಳಿಸುತ್ತಾರೆಂದೇ ಲೂಪೆ ಅಂದುಕೊಂಡಳು. ಒಲಿವಾ ಹಗ್ಗವನ್ನು ಜಗ್ಗಿ ತಡಿಕೆಯನ್ನು ಇನ್ನೂ ಮೇಲಕ್ಕೇರಿಸಿ, ಮಾಡಿನ ತೊಲೆಗೆ ಬಿಗಿಯಾಗಿ ಗಂಟು ಹಾಕಿ, ಮಂಡಿ ಹಿಡಿದುಕೊಂಡು ಬಂದು ಮೊಮ್ಮಗಳ ಪಕ್ಕದಲ್ಲಿ ಕೂತರು.