ಹನುಮಕ್ಕ ಬರೆದ ಬೋರ್ಡು

ಧನ್ಯಶ್ರೀಯ ವೆಬ್‌ಸೈಟಿನಲ್ಲಿ ಅವಳ ಹೆಸರಿತ್ತು, ಕಿಟಕಿಯ ಬೆಳಕಿನಲ್ಲಿ ತೆಗೆದ ಅವಳದೇ ಒಂದು ಚಿತ್ರವಿತ್ತು, ‘ಡಿಸೈನರ್, ಫೋಟೋಗ್ರಾಫರ್’ ಎಂಬ ಸಾಲಿತ್ತು. ಅದರ ಕೆಳಗೆ ತೋರಿಸಲು ಏನೂ ಇರಲಿಲ್ಲ. ರಾಜಾಜಿನಗರದ ಒಂದು ಜಾಹೀರಾತು ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಇನ್ನು ಸ್ವಂತವಾಗಿ ಕೆಲಸ ಹಿಡಿಯುತ್ತೇನೆಂದು ಬಿಟ್ಟುಬಂದವಳು ಅವಳು. ಅಲ್ಲಿ ಮಾಡಿದ್ದೆಲ್ಲ ಕಚೇರಿಯದು, ಅವಳ ಹೆಸರಿನಲ್ಲಿ ಹಾಕಿಕೊಳ್ಳುವ ಹಾಗಿರಲಿಲ್ಲ. ಮಾಡಿದ ಕೆಲಸ ತೋರಿಸದೆ ಹೊಸ ಕೆಲಸ ಯಾರೂ ಕೊಡುವುದಿಲ್ಲ. ಹಾಗಾಗಿ ಅವಳು, ಯಾರೂ ಕೇಳದಿದ್ದರೂ, ಯಾವುದಾದರೂ ಒಂದು ಹಳೆಯ ಅಂಗಡಿಗೆ ಹೊಸ ರೂಪ ಬಿಡಿಸಿ ‘ಮೊದಲು’, ‘ಆಮೇಲೆ’ ಎಂದು ಅಕ್ಕಪಕ್ಕ ಇಟ್ಟು ತೋರಿಸೋಣ ಎಂದುಕೊಂಡಳು. ಈಗ ಎಲ್ಲರೂ ಹಾಗೆ ಮಾಡುತ್ತಿದ್ದರು.

ಅಂಗಡಿ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮಾರೇನಹಳ್ಳಿಯ ಅವರ ಮನೆಯಿಂದ ಎರಡು ಬೀದಿ ಆಚೆಗೆ ಹನುಮಕ್ಕನ ಹಿಟ್ಟಿನ ಮಿಲ್ಲಿತ್ತು. ಧನ್ಯಶ್ರೀಯ ಅಮ್ಮ ಮುನಿತಾಯಮ್ಮ ಮದುವೆಯಾಗಿ ಬಂದಾಗಿನಿಂದ ರಾಗಿ ಬೀಸಿಸುತ್ತಿದ್ದದ್ದು ಅಲ್ಲೇ. ಒಂದು ಬೆಳಿಗ್ಗೆ ಅಮ್ಮನ ಜೊತೆ ಕ್ಯಾಮೆರಾ ಹಿಡಿದು ಧನ್ಯಶ್ರೀಯೂ ಹೋದಳು.

ಮಿಲ್ಲಿನ ಒಳಗೆ ಬೆಳಕು ಚೆನ್ನಾಗಿತ್ತು. ಹಾರುವ ಹಿಟ್ಟಿನ ಧೂಳಿಗೆ ಬಿಸಿಲು ಬಿದ್ದು ಗೋಡೆ, ಬೆಲ್ಟು, ಹನುಮಕ್ಕನ ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಫೋಟೋ ಎಂದ ಕೂಡಲೇ ಹನುಮಕ್ಕ ಮೋಟರು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತರು.

“ಒರೆಸ್ಕೋಬೇಡಿ ಅಜ್ಜಿ, ಹಿಟ್ಟಿದ್ರೇನೇ ಚೆಂದ,” ಎಂದಳು ಧನ್ಯಶ್ರೀ.

“ಹಿಟ್ಟಲ್ಲಿ ಏನ್ ಚೆಂದವೋ ತಾಯಿ. ಹೊರಗಡೆ ಬೋರ್ಡೂ ಹಿಡ್ಕೊ. ನಾನೇ ಬರ್ದಿದ್ದು ಕಣವ್ವ ಅದು. ನಮ್ಮನೆಯವ್ರು ಹೋದ್ಮೇಲೆ ಮಿಲ್ಲು ನನ್ ಕೈಗೆ ಬಂತಲ್ಲ, ಆಗ ಮೊಮ್ಮಗಳ ಸ್ಲೇಟ್ ಇಟ್ಕೊಂಡು ಅಕ್ಷರ ಕಲ್ತೆ. ಪೇಂಟರ್ ಬರ್ತೀನಿ ಅಂದ, ನಾನೇ ಬರೀತೀನಿ ಬಿಡಪ್ಪ ಅಂದೆ.”

ಧನ್ಯಶ್ರೀ ಲೆನ್ಸ್ ತಿರುಗಿಸುತ್ತ “ಹ್ಞೂ ಅಜ್ಜಿ, ಹ್ಞೂ” ಎಂದಳು. ಆಮೇಲೆ ಹೊರಗೆ ಬಂದು ಬೋರ್ಡಿನ ಚಿತ್ರ ತೆಗೆದಳು. ಹಸಿರು ತಗಡಿನ ಮೇಲೆ ಹಳದಿ ಬಣ್ಣದಲ್ಲಿ, ಎಡದಿಂದ ಬಲಕ್ಕೆ ಇಳಿಯುತ್ತ ಹೋದ ಸಾಲು: ‘ಇಲ್ಲಿ ಶುದ್ದ ರಾಗಿ ಗೋದಿ ದನಿಯ ಬೀಸಿ ಕೊಡಲಾಗುವುದು.’

ಮುಂದಿನ ವಾರವೆಲ್ಲ ಅವಳು ಅದರಲ್ಲೇ ಮುಳುಗಿದಳು. ಮಿಲ್ಲಿಗೆ ‘ಬೀಸು’ ಎಂದು ಹೊಸ ಹೆಸರಿಟ್ಟಳು, ಕಲ್ಲಿನ ಬಣ್ಣದ ಬೋರ್ಡು ಬಿಡಿಸಿದಳು, ಕಾಗದದ ಚೀಲಗಳ ಮೇಲೆ ಆ ಹೆಸರು ಕೂರಿಸಿದಳು. ಹಿಟ್ಟು ಮೆತ್ತಿದ ಹನುಮಕ್ಕನ ಕೈಗಳ ಚಿತ್ರ ನಿಜಕ್ಕೂ ಚೆನ್ನಾಗಿ ಬಂದಿತ್ತು. ಎಲ್ಲಕ್ಕಿಂತ ಮೇಲೆ ಹಳೆಯ ಬೋರ್ಡು ಮತ್ತು ಹೊಸ ಬೋರ್ಡನ್ನು ಪಕ್ಕಪಕ್ಕ ಇಟ್ಟು, ಕೆಳಗೆ ಬರೆದಳು: ‘ಮೊದಲು: ಮಹಾಪ್ರಾಣಗಳೆಲ್ಲ ಪ್ರಾಣ ಬಿಟ್ಟ ಜಾಗ. ಆಮೇಲೆ: ಉಸಿರು ತುಂಬಿದವಳು ನಾನು.’ ಬರೆದು ತಾನೇ ನಕ್ಕಳು. ವೆಬ್‌ಸೈಟಿಗೆ ಹಾಕಿ, ಇನ್‌ಸ್ಟಾಗ್ರಾಮಿಗೂ ಹಾಕಿದಳು.

ಜನ ಹೊಸ ಬೋರ್ಡನ್ನು ಅಷ್ಟಾಗಿ ನೋಡಲಿಲ್ಲ. ಹಳೆಯದನ್ನು ನೋಡಿ ನಕ್ಕರು, ಒಬ್ಬರು ಇನ್ನೊಬ್ಬರಿಗೆ ಕಳಿಸಿದರು. ಗೊತ್ತಿಲ್ಲದವರೆಲ್ಲ ಅವಳ ಸೈಟಿಗೆ ಬಂದರು. ಬಸವೇಶ್ವರನಗರದಲ್ಲಿ ಸಿರಿಧಾನ್ಯದ ತಿಂಡಿಗಳ ಕೆಫೆ ತೆರೆಯಲಿದ್ದ ಉದಯಕುಮಾರ್ ಎಂಬವರು ಫೋನ್ ಮಾಡಿ, “ಆ ಮಹಾಪ್ರಾಣ ಜೋಕ್ ನೋಡಿ ನಕ್ಕೂ ನಕ್ಕೂ ಸಾಕಾಯ್ತು ಮೇಡಂ. ನಮ್ಮ ಪ್ಯಾಕೆಟ್ಟು, ಮೆನು, ಫೋಟೋ ಎಲ್ಲಾ ನೀವೇ ಮಾಡ್ಬೇಕು,” ಎಂದರು. ಸೋಮವಾರ ಬಂದು ನೋಡಲು ಹೇಳಿದರು. ಅವಳು ಅಮ್ಮನನ್ನು ತಬ್ಬಿಕೊಂಡು ಸುದ್ದಿ ಹೇಳಿದಳು.

ಶನಿವಾರ ಮುನಿತಾಯಮ್ಮ ಮಿಲ್ಲಿಗೆ ಹೋಗಿ ಬಂದರು. ಹಿಟ್ಟಿನ ಡಬ್ಬವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

“ಹನುಮಕ್ಕ ಬೋರ್ಡ್ ಇಳಿಸ್ಬಿಟ್ಟಿದಾರೆ,” ಎಂದರು.

ಧನ್ಯಶ್ರೀ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದಳು.

“ನಾನೇ ಹೋದ್ಸಲ ಹೇಳ್ಬಂದಿದ್ದೆ ಕಣೇ. ನನ್ ಮಗಳು ನಿಮ್ ಮಿಲ್ಲು ಫೋನಲ್ಲಿ ಹಾಕಿದಾಳೆ, ಊರೆಲ್ಲ ನೋಡ್ತಾ ಇದೆ, ನೀವೂ ನೋಡಿ ಅಂತ. ನಾನು ಫೋಟೋ ಮಾತ್ರ ನೋಡಿದ್ದು, ಕೆಳಗಡೆ ಸಣ್ಣಕ್ಷರ ನಂಗೆ ಕಾಣಲ್ಲ. ಅವರು ಹಿಟ್ಟಿಗೆ ಬಂದ ಒಂದು ಹುಡುಗಿ ಹತ್ರ ಓದಿಸಿದಾರೆ. ಆ ಹುಡುಗಿ ಅರ್ಧಕ್ಕೆ ನಿಲ್ಲಿಸಿದ್ಳಂತೆ. ಪೂರ್ತಿ ಓದವ್ವ ಅಂದ್ರಂತೆ.” ಮುನಿತಾಯಮ್ಮ ಸ್ಟೂಲ್ ಎಳೆದುಕೊಂಡು ಕೂತರು. “ಏನ್ ಬರ್ದಿದೀಯ? ಓದು.”

“ಬಿಡಮ್ಮ, ಸುಮ್ನೆ ತಮಾಷೆಗೆ—”

“ಓದು.”

ಅವಳು ಓದಿದಳು. ಒಬ್ಬಳೇ ಕೂತು ಬರೆದಾಗ ಚುರುಕಾಗಿ ಕಂಡಿದ್ದ ಸಾಲು ಅಡುಗೆಮನೆಯಲ್ಲಿ, ಅಮ್ಮನ ಎದುರು, ಬಾಯಿಂದ ಹೊರಗೆ ಬರಲು ಕಷ್ಟಪಟ್ಟಿತು.

“ಮಹಾಪ್ರಾಣ ಅಂದ್ರೆ ಏನು?”

“ಗೋಧಿ ಅನ್ನೋವಾಗ ‘ಧ’ನ ಉಸಿರು ಒತ್ತಿ ಹೇಳ್ಬೇಕಮ್ಮ. ಬರೆಯೋವಾಗ ಕೆಳಗಡೆ ಒಂದು ಸಣ್ಣ ಗೆರೆ ಬರುತ್ತೆ. ಅದು ಇರ್ಲಿಲ್ಲ.”

“ಗೋದಿ,” ಎಂದರು ಮುನಿತಾಯಮ್ಮ. ತಡೆದು, ಇನ್ನೊಮ್ಮೆ ಗಮನವಿಟ್ಟು, “ಗೋದಿ.” ಆಮೇಲೆ ಮಗಳ ಮುಖ ನೋಡಿದರು. “ನಂಗೂ ಬರಲ್ಲ. ನಿನ್ ಹೆಸರಲ್ಲೂ ಅದೇ ಅಕ್ಷರ ಅಲ್ವಾ. ಹಂಗಾದ್ರೆ ಹುಟ್ಟಿದಾಗಿಂದ ನಿನ್ನ ತಪ್ಪಾಗೇ ಕರೀತಾ ಇದೀನಿ ನಾನು.”

ಅದರಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಆಗಲೇ ಹೊಳೆದ ಹಾಗೆ ಹೇಳಿದ್ದರು. ಧನ್ಯಶ್ರೀಗೆ ಕಿವಿಯವರೆಗೂ ಮುಖ ಬಿಸಿಯಾಯಿತು. ಅಮ್ಮ ಎದ್ದು ಸಾರಿಗೆ ಬೇಳೆ ತೊಳೆಯತೊಡಗಿದರು.

ಅಂದು ಅವಳು ಆ ತಮಾಷೆಯ ಸಾಲನ್ನು ಅಳಿಸಿದಳು. ಪುಟವನ್ನು ಮಾತ್ರ ತೆಗೆಯಲಿಲ್ಲ. ಸೋಮವಾರ ಉದಯಕುಮಾರ್ ಮತ್ತೆ ಸೈಟ್ ತೆರೆದರೆ ಏನು ತೋರಿಸುವುದು ಎಂದು ಯೋಚಿಸಿದಳು. ಹಾಗೆ ಯೋಚಿಸಿದ್ದು ತನಗೇ ಗೊತ್ತಾಗಿ, ಲ್ಯಾಪ್‌ಟಾಪ್ ಮುಚ್ಚಿಟ್ಟಳು.

ಸೋಮವಾರ ಕೆಫೆಯಲ್ಲಿ ಇನ್ನೂ ಬಣ್ಣದ ವಾಸನೆ ಇತ್ತು. ಉದಯಕುಮಾರ್ ನಗುತ್ತ ಬಾಗಿಲಿಗೆ ಬಂದು, “ಬನ್ನಿ ಬನ್ನಿ, ಒಂದು ಸರ್‌ಪ್ರೈಸ್ ಇದೆ,” ಎಂದು ಒಳಗೆ ಕರೆದೊಯ್ದರು. ಎದುರಿನ ಗೋಡೆಯ ಮೇಲೆ ಹನುಮಕ್ಕನ ಬೋರ್ಡಿನ ಚಿತ್ರ, ದೊಡ್ಡದಾಗಿ ಹಿಗ್ಗಿಸಿ, ಚೌಕಟ್ಟು ಹಾಕಿಸಿ ನೇತುಹಾಕಿದ್ದರು. ಕೆಳಗೆ ಅವಳು ಅಳಿಸಿದ್ದ ಸಾಲು. ಅದರ ಕೆಳಗೆ, ‘ಚಿತ್ರ ಮತ್ತು ಮಾತು: ಧನ್ಯಶ್ರೀ’.

“ಹೋದ್ವಾರಾನೇ ನಿಮ್ ಸೈಟಿಂದ ತಗೊಂಡೆ. ಕ್ರೆಡಿಟ್ ಕೊಟ್ಟಿದೀನಿ ನೋಡಿ,” ಎಂದರು ಅವರು. ಬಡಗಿಯನ್ನು ಕರೆದು, “ಇವರೇ ಕಣಪ್ಪ ಆ ಜೋಕ್ ಬರ್ದಿದ್ದು,” ಎಂದು ಪರಿಚಯಿಸಿದರು. ಬಡಗಿ ಗೋಡೆಯ ಕಡೆ ನೋಡಿ, ಇದರಲ್ಲಿ ನಗುವಂಥದ್ದು ಏನೆಂದು ತಿಳಿಯದೆ, ಆದರೂ ನಕ್ಕ. ಉದಯಕುಮಾರರೂ ನಕ್ಕರು. ಧನ್ಯಶ್ರೀಯೂ ನಕ್ಕಳು. ಆಮೇಲೆ ಕೂತು ಪ್ಯಾಕೆಟ್ಟಿನ ಅಳತೆ ಬರೆದುಕೊಂಡಳು, ಕೆಲಸ ಒಪ್ಪಿಕೊಂಡಳು. ಬಸ್ಸಿನಲ್ಲಿ ವಾಪಸು ಬರುವಾಗ, ತಾನು ನಕ್ಕಿದ್ದು ನೆನಪಾದಾಗಲೆಲ್ಲ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು.

ಮನೆಗೆ ಹೋಗದೆ ಅವಳು ನೇರವಾಗಿ ಮಿಲ್ಲಿಗೆ ಹೋದಳು. ಬಾಗಿಲಿನ ಮೇಲೆ, ಬೋರ್ಡಿದ್ದ ಜಾಗದಲ್ಲಿ, ಗೋಡೆಯ ಹಳೆಯ ಸುಣ್ಣ ಉದ್ದಕ್ಕೆ ಬೇರೆ ಬಣ್ಣವಾಗಿ ಕಾಣುತ್ತಿತ್ತು. ಹನುಮಕ್ಕ ಯಾರದೋ ಡಬ್ಬಕ್ಕೆ ಹಿಟ್ಟು ತುಂಬುತ್ತಿದ್ದರು.

“ಬನ್ನಿ ಮೇಡಂ, ಕೂತ್ಕೊಳ್ಳಿ,” ಎಂದರು.

ತಾಯಿ, ಕಣವ್ವ ಎನ್ನುತ್ತಿದ್ದವರು. ಧನ್ಯಶ್ರೀ ಕೂರಲಿಲ್ಲ. “ಅಜ್ಜಿ, ನಾನು ಹಂಗೆ ಬರೀಬಾರ್ದಿತ್ತು. ತಪ್ಪಾಯ್ತು,” ಎಂದಳು.

ಹನುಮಕ್ಕ ಡಬ್ಬದ ಮುಚ್ಚಳ ಒತ್ತಿ ಪಕ್ಕಕ್ಕಿಟ್ಟರು. ಗೋಡೆಗೆ ಮುಖ ಮಾಡಿ ಒರಗಿಸಿದ್ದ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬೆಂಚಿನ ಮೇಲೆ ಅಂಗಾತ ಮಲಗಿಸಿದರು.

“ಎಲ್ಲೈತೆ ತಪ್ಪು, ತೋರ್ಸಿ.”

“ಬೇಡ ಅಜ್ಜಿ.”

“ತೋರ್ಸಿ. ಆ ಹುಡುಗೀನ ಕೇಳ್ದೆ, ಅವಳಿಗೂ ನಾಚ್ಕೆ ಆಗಿ ಓಡೋದ್ಲು.”

ಧನ್ಯಶ್ರೀ ಬಗ್ಗಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟಳು. ಶುದ್ದ. ಗೋದಿ. ದನಿಯ. ಬಣ್ಣದ ಮೇಲೆ ಹಿಟ್ಟಿನ ಪುಡಿ ಕೂತಿತ್ತು, ಅವಳ ಬೆರಳಿಗೆ ಹತ್ತಿತು. ಅಲ್ಲೆಲ್ಲ ಕೆಳಗೆ ಒಂದು ಗೆರೆ ಬೇಕಿತ್ತು ಎಂದಳು.

“ಗೆರೆ ಅಷ್ಟೇನಾ?”

“ಅಷ್ಟೇ.”

ಹನುಮಕ್ಕ ಬೋರ್ಡಿನ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದರು. “ಅವತ್ತು ಬಂದಿದ್ರಲ್ಲ, ಅವತ್ತೇ ಹೇಳಿದ್ರೆ ಅವತ್ತೇ ಎಳೀತಿದ್ದೆ. ಹಳದಿ ಬಣ್ಣ ಮನೇಲೇ ಐತೆ.” “ನಾನು ಬರ್ದಿದ್ದು ಅಂತ ಹೇಳ್ದೆನಲ್ಲ ನಿಮಗೆ. ಹ್ಞೂ ಹ್ಞೂ ಅಂತಿದ್ರಿ,” ಎಂದರು.

ಧನ್ಯಶ್ರೀಗೆ ಅಳು ಬಂತು. ಇಲ್ಲಿ ಅತ್ತರೆ ಅಜ್ಜಿಯೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎನಿಸಿ ತಡೆದುಕೊಂಡಳು. “ಹೊಸ ಬೋರ್ಡ್ ನಾನು ಮಾಡಿಸ್ಕೊಡ್ತೀನಿ ಅಜ್ಜಿ. ನೀವು ಹೇಳಿದ ಹಾಗೇ.”

“ಬೇಡ ಮೇಡಂ. ಬರೋರಿಗೆ ಮಿಲ್ಲು ಎಲ್ಲೈತೆ ಅಂತ ಗೊತ್ತು.” ಹನುಮಕ್ಕ ಬೋರ್ಡನ್ನು ಮತ್ತೆ ಗೋಡೆಗೆ ಒರಗಿಸಿ ಮೋಟರು ಹಾಕಿದರು. ಆಮೇಲೆ ಮಾತು ಕೇಳಿಸುವಂತಿರಲಿಲ್ಲ.

ಧನ್ಯಶ್ರೀ ರಸ್ತೆಯಲ್ಲೇ ನಿಂತು ಫೋನಿನಿಂದ ಆ ಪುಟವನ್ನು ಪೂರ್ತಿ ತೆಗೆದುಹಾಕಿದಳು, ಹನುಮಕ್ಕನ ಕೈಗಳ ಚಿತ್ರವನ್ನೂ ಸೇರಿಸಿ. ಜನ ಆಗಲೇ ಉಳಿಸಿಕೊಂಡು ಹಂಚಿದ್ದನ್ನು ತೆಗೆಯಲು ಅವಳಿಂದ ಆಗುವಂತಿರಲಿಲ್ಲ. ಗೋಡೆಯ ಮೇಲಿನದನ್ನಾದರೂ ಇಳಿಸಬಹುದಿತ್ತು.

ಮರುದಿನ ಅವಳು ಬಸವೇಶ್ವರನಗರಕ್ಕೆ ಹೋದಳು.

“ಸಾರ್, ಆ ಫೋಟೋ ಇಳಿಸ್ಬೇಕು.”

ಉದಯಕುಮಾರ್ ಅದನ್ನು ತಮಾಷೆ ಎಂದುಕೊಂಡರು. ಅಲ್ಲ ಎಂದು ತಿಳಿದ ಮೇಲೆ ಅವರಿಗೆ ಅರ್ಥವಾಗಲಿಲ್ಲ. “ಯಾರಿಗೂ ಬೈದಿಲ್ವಲ್ಲ ಮೇಡಂ. ಅಂಗಡಿ ಹೆಸರೂ ಇಲ್ಲ ಅದ್ರಲ್ಲಿ. ಸುಮ್ನೆ ಒಂದು ಕ್ಯೂಟ್ ವಿಷಯ.”

“ಬರೆದೋರು ನಮ್ಮ ಬೀದಿಯೋರು. ಅಕ್ಷರ ಕಲ್ತು ಬರೆದಿದ್ದು. ಅದನ್ನ ನೋಡಿ ನಗೋ ಹಾಗೆ ಮಾಡಿದ್ದು ನಾನು, ನೀವಲ್ಲ. ಅದಕ್ಕೇ ಕೇಳ್ತಾ ಇದೀನಿ.”

“ಓಪನಿಂಗ್ ಆಗ್ಲಿ, ಆಮೇಲೆ ನೋಡೋಣ.”

“ಅದಿದ್ರೆ ನಾನು ನಿಮ್ಮ ಪ್ಯಾಕೆಟ್ ಮಾಡೋಕಾಗಲ್ಲ ಸಾರ್.”

ಹೀಗೆ ಹೇಳುವೆನೆಂದು ಅವಳು ಮೊದಲೇ ಯೋಚಿಸಿರಲಿಲ್ಲ. ಉದಯಕುಮಾರ್ ಒಳ್ಳೆಯ ಮನುಷ್ಯರೇ, ಜಗಳ ಆಡಲಿಲ್ಲ. ಅವಳನ್ನೂ ಗೋಡೆಯನ್ನೂ ನೋಡಿದರು. ಬಡಗಿಗೆ ಹೇಳಿ ಚಿತ್ರ ಇಳಿಸಿ, “ತಗೊಂಡ್ಹೋಗಿ, ನನಗ್ಯಾಕೆ,” ಎಂದು ಅವಳ ಕೈಗೇ ಕೊಟ್ಟರು. ಪ್ಯಾಕೆಟ್ಟಿನ ವಿಷಯ ಫೋನ್ ಮಾಡಿ ಹೇಳುತ್ತೇನೆ ಎಂದರು. ಆ ಫೋನ್ ಬರಲಿಲ್ಲ. ಸ್ವಲ್ಪ ದಿನದ ಮೇಲೆ ಬೇರೆ ಯಾರೋ ಮಾಡಿದ ಪ್ಯಾಕೆಟ್ಟುಗಳು ಅವರ ಪುಟದಲ್ಲಿ ಕಾಣಿಸಿದವು, ಚೆನ್ನಾಗಿಯೇ ಇದ್ದವು.

ಅಷ್ಟು ದೊಡ್ಡ ಚೌಕಟ್ಟನ್ನು ಬಸ್ಸಿನಲ್ಲಿ ಏರಿಸಲು ಆಗದೆ ಅವಳು ಆಟೋ ಹಿಡಿದಳು. ಚಿತ್ರದ ಮುಖವನ್ನು ತನ್ನ ಕಡೆಗೆ ತಿರುಗಿಸಿ, ಹೊರಗಿನವರಿಗೆ ಕಾಣದಂತೆ ಮೊಣಕಾಲಿಗೆ ಒರಗಿಸಿಕೊಂಡು ಕೂತಳು. ಹಾಗಾಗಿ ಮಾರೇನಹಳ್ಳಿಯವರೆಗೂ ತನ್ನ ಹೆಸರನ್ನೇ ನೋಡುತ್ತ ಬರಬೇಕಾಯಿತು. ಮನೆಯಲ್ಲಿ ಮುನಿತಾಯಮ್ಮ ಇನ್ನೊಂದು ಕೊನೆ ಹಿಡಿದರು. ತಾಯಿ ಮಗಳಿಬ್ಬರೂ ಚೌಕಟ್ಟು ಬಿಚ್ಚಿ, ಕಾಗದವನ್ನು ಸಣ್ಣಗೆ ಹರಿದರು.

ಕೆಂಗೇರಿ ಉಪನಗರದ ಒಂದು ನಾಮಕರಣದ ಫೋಟೋಗಳು ಅವಳ ವೆಬ್‌ಸೈಟಿನ ಮೊದಲ ಕೆಲಸವಾದವು. ಚಿತ್ರಗಳನ್ನು ಹಾಕುವ ಮೊದಲು ಮಗುವಿನ ಮನೆಯವರನ್ನು ಕೂರಿಸಿಕೊಂಡು, ಕೆಳಗೆ ಬರೆದ ಮಾತನ್ನೂ ಓದಿ ಹೇಳಿ, ಹಾಕಲೋ ಬೇಡವೋ ಎಂದು ಕೇಳಿದಳು. ಅವರಿಗೆ ಅದು ವಿಚಿತ್ರವಾಗಿ ಕಂಡಿತು.

ಶ್ರಾವಣದ ಹೊತ್ತಿಗೆ ಮಿಲ್ಲಿನ ಮೇಲೆ ಹೊಸ ಬೋರ್ಡು ಬಂತು. ಯಾವುದೋ ಮಸಾಲೆ ಕಂಪನಿಯ ಸೇಲ್ಸ್‌ನವನು ಬಿಟ್ಟಿಯಾಗಿ ಹಾಕಿಕೊಟ್ಟು ಹೋದ ಫ್ಲೆಕ್ಸ್ ಅದು. ಅದರ ಉದ್ದಗಲಕ್ಕೂ ಖಾರದ ಪುಡಿಯ ಪ್ಯಾಕೆಟ್ಟಿನ ಚಿತ್ರ, ಮೂಲೆಯಲ್ಲಿ ಸಣ್ಣದಾಗಿ ಮಿಲ್ಲಿನ ಹೆಸರು. ಅಕ್ಷರಗಳಲ್ಲಿ ಒಂದು ತಪ್ಪೂ ಇರಲಿಲ್ಲ.

ಈಗ ರಾಗಿ ಬೀಸಿಸಲು ಧನ್ಯಶ್ರೀಯೇ ಹೋಗುತ್ತಾಳೆ. ಅಮ್ಮ ಬೇಡವೆಂದರೂ ಡಬ್ಬ ಎತ್ತಿಕೊಳ್ಳುತ್ತಾಳೆ. ಹನುಮಕ್ಕ ಅದನ್ನು ಸಾಲಿನಲ್ಲಿಟ್ಟು, “ಹೊತ್ತಾಗುತ್ತೆ ಮೇಡಂ, ಹೋಗ್ಬಿಟ್ಟು ಬನ್ನಿ,” ಎನ್ನುತ್ತಾರೆ. ಅವಳು ಹೋಗುವುದಿಲ್ಲ. ಬೆಂಚಿನ ತುದಿಯಲ್ಲಿ ಕೂತು, ತನ್ನ ಸರದಿ ಬರುವವರೆಗೂ ಕಾಯುತ್ತಾಳೆ.