ಪರದೆ ಹಿಂದಿನ ಸುತ್ತಿಗೆ

“ಏಯ್ ಮೂರ್ಬೆರಳೇ, ಆ ಕೈನ ಬೆನ್ನ ಹಿಂದೆ ಇಟ್ಕೊಳ್ಳೇ! ನೋಡೋಕೆ ಬಂದೋರು ಹೆದರ್ಕೊಂಡು ಓಡಿ ಹೋಗ್ತಾರೆ. ಪೊರಕೆ ಹಿಡಿಯೋಕೆ ಒಂದು ಕೈ ಸಾಲ್ದಾ ನಿಂಗೆ?”

ಮ್ಯಾನೇಜರ್ ಕೂಗಿದ್ದು ಹಜಾರದ ಆ ಮೂಲೆಯಿಂದ. ದೊಡ್ಡವಳು ಎಡಗೈಯನ್ನು ಬೆನ್ನ ಹಿಂದೆ ಸರಿಸಿ, ಒಂದೇ ಕೈಯಲ್ಲಿ ಗುಡಿಸತೊಡಗಿದಳು. ಬೈಗುಳ ಅವಳಿಗೆ ಹೊಸದಲ್ಲ. ಹೊಟ್ಟೆ ಉರಿದದ್ದು ಅದಕ್ಕಲ್ಲ. ಹಜಾರದ ನಡುವೆ, ದೀಪದ ಬೆಳಕಿನಲ್ಲಿ, ಮೆತ್ತನೆ ದಿಂಬಿನ ಮೇಲೆ ಕೂತು ಅದಿರು ಒಡೆಯುತ್ತಿದ್ದ ಅವಳ ಓರಗಿತ್ತಿ ಚಿಕ್ಕವಳು ಆ ಮಾತು ಕೇಳಿ ತಲೆ ತಗ್ಗಿಸಿದಳಲ್ಲ, ಪಾಪ ಅನ್ನುವ ಹಾಗೆ, ಅದಕ್ಕೆ. ಇವಳ್ಯಾವಳು ನನಗೆ ಪಾಪ ಅನ್ನೋಕೆ?

ಆ ಹಜಾರ ಮೊದಲು ಅದಿರು ತೂಗುವ ಷೆಡ್ಡಾಗಿತ್ತು. ಅದರ ಬೆನ್ನಿಗೇ ಗುಡ್ಡ. ಎತ್ತರವೇನಿಲ್ಲ, ಮಲಗಿದ ಎಮ್ಮೆಯ ಹಾಗೆ ಏಳು ಮೈಲಿ ಉದ್ದಕ್ಕೆ ಕಾಡು ಹೊದ್ದು ಬಿದ್ದಿತ್ತು. ದೊಡ್ಡವಳ ಅತ್ತೆಯ ಕಾಲದಲ್ಲಿ ಒಂದು ಮಳೆ ಬಂದು ನಿಂತರೆ ಅದಿರಿನ ಕಲ್ಲು ಮೇಲೆಯೇ ಎದ್ದು ಕಾಣುತ್ತಿತ್ತಂತೆ, ಬುಟ್ಟಿಗೆ ಆರಿಸಿಕೊಂಡರಾಯಿತು. ಆಮೇಲೆ ಸುರಂಗ ಕೊರೆದರು. ಸುರಂಗ ಸಾಲದೆಂದು ಯಂತ್ರ ತಂದು ಮೇಲಿನಿಂದಲೇ ಬಗೆದರು. ಮರ ಹೋಯಿತು, ಕೆಳಗಿನ ಹಳ್ಳದ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅದಿರು ತೀರಿದ ಮೇಲೆ ಕಂಪನಿ ಗುಂಡಿಗಳ ಬಾಯಿಗೆ ಮಣ್ಣು ತುಂಬಿ, ಬೇಗ ಬೆಳೆಯುವ ಗಿಡ ನೆಟ್ಟು, ಎಲ್ಲರನ್ನೂ ಮನೆಗೆ ಕಳಿಸಿತು. ಈಗ ಎಂಟು ವರ್ಷದ ಮೇಲೆ, ಬಂದವರಿಗೆ ಗಣಿಯ ಇತಿಹಾಸ ತೋರಿಸುತ್ತೇವೆಂದು ಷೆಡ್ಡಿಗೆ ಸುಣ್ಣ ಬಳಿದು ಕೂತಿದೆ.

ದೊಡ್ಡವಳು ಆ ಗುಡ್ಡದಲ್ಲಿ ಇಪ್ಪತ್ತಾರು ವರ್ಷ ಅದಿರು ಒಡೆದವಳು. ಎರಡು ಬೆರಳು ಹೋದದ್ದೂ ಅಲ್ಲೇ, ಗಂಡ ಹೋದದ್ದೂ ಅಲ್ಲೇ. ಚಿಕ್ಕವಳು ಮೈದುನನನ್ನು ಕಟ್ಟಿಕೊಂಡು ಬಂದದ್ದು ಗಣಿ ಮುಚ್ಚಿದ ವರ್ಷ. ದುಡಿದದ್ದು ನಾಲ್ಕೇ ತಿಂಗಳು. ಅದಿರು ಒಡೆದು ತೋರಿಸಲು ಒಬ್ಬ ಹೆಂಗಸು ಬೇಕಂತೆ ಎಂದು ಸುದ್ದಿ ಬಂದಾಗ ದೊಡ್ಡವಳು ತಲೆ ಬಾಚಿಕೊಂಡು ಹೋಗಿದ್ದಳು, ಜೊತೆಗಿರಲಿ ಎಂದು ಚಿಕ್ಕವಳನ್ನೂ ಕರೆದುಕೊಂಡು.

“ನಾನು ಮಾಡ್ತೀನಿ ಸಾರ್. ನನ್ನ ಬಿಟ್ರೆ ಇನ್ಯಾರಿಗೆ ಬರತ್ತೆ ಇದು?”

ಮ್ಯಾನೇಜರ್ ಅವಳ ಕೈ ನೋಡಿದ. ಬಾಯಿ ತೆರೆಸಿ ಹಲ್ಲು ನೋಡಿದ.

“ಕೆಲಸ ಬರೋದು ಮುಖ್ಯ ಅಲ್ಲಮ್ಮ. ಬಂದೋರಿಗೆ ಖುಷಿ ಆಗ್ಬೇಕು. ನಿನ್ನ ನೋಡಿದ್ರೆ ಸಾವಿನ ಮನೆಗೆ ಬಂದಂಗಾಗತ್ತೆ.” ಅವನ ಕಣ್ಣು ಬಾಗಿಲಿನತ್ತ ಹೋಯಿತು. “ಅವಳ್ಯಾರು, ಅಲ್ಲಿ ನಿಂತಿರೋಳು?”

ಅವತ್ತಿನಿಂದ ದೊಡ್ಡವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಚಿಕ್ಕವಳಿಗೆ ಹೊಸ ಬಟ್ಟೆ, ಕೈ ಒರಟಾಗದ ಹಾಗೆ ಡಬ್ಬಿಯಲ್ಲಿ ಮುಲಾಮು, ಕಪ್ಪು-ಬಸಿಯಲ್ಲಿ ಟೀ. ತನಗೆ ಪೊರಕೆ. ಚಿಕ್ಕವಳು ಸುತ್ತಿಗೆಯನ್ನು ಸೌಟು ಹಿಡಿದ ಹಾಗೆ ಹಿಡಿಯುತ್ತಿದ್ದಳು. ಕಲ್ಲಿನ ಎಳೆ ನೋಡದೆ ಕುಟ್ಟುತ್ತಿದ್ದಳು. ಆದರೂ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಫೋಟೋ ಹಿಡಿಯುತ್ತಿದ್ದರು. ಇಬ್ಬರ ಕೋಣೆಗಳ ನಡುವೆ ಒಂದೇ ಗೋಡೆ. ಬೆಳಿಗ್ಗೆ ಒಲೆ ಹಚ್ಚುವಾಗ ಆಚೆ ಕಡೆಯಿಂದ ಬಾಯಿಪಾಠ ಕೇಳುತ್ತಿತ್ತು: “ಈ ಗುಡ್ಡ ನಮ್ಮನ್ನು ತಾಯಿಯಂತೆ ಸಾಕಿತು. ಕಂಪನಿ ನಮ್ಮನ್ನು ಮಕ್ಕಳಂತೆ ಕಂಡಿತು.” ದೊಡ್ಡವಳು ಬೇಕೆಂದೇ ಪಾತ್ರೆಗಳನ್ನು ದಡಬಡ ಎತ್ತಿ ಹಾಕುತ್ತಿದ್ದಳು.

ಒಂದು ದಿನ ನೋಡಲು ಬಂದ ಹೆಂಗಸೊಬ್ಬಳು ಚಿಕ್ಕವಳ ಕೈ ಹಿಡಿದು, “ಅಯ್ಯೋ, ಎಷ್ಟು ಕಷ್ಟಪಟ್ಟಿದೀರಿ ನೀವು!” ಎಂದು ಕಣ್ಣೊರೆಸಿಕೊಂಡಳು. ಚಿಕ್ಕವಳು ಇಲ್ಲ ಅನ್ನಲಿಲ್ಲ. ಪೊರಕೆ ಹಿಡಿದು ಹಿಂದೆ ನಿಂತಿದ್ದ ದೊಡ್ಡವಳಿಗೆ ಎದೆಯಲ್ಲಿ ಯಾರೋ ಕೆಂಡ ಸುರಿದಂತಾಯಿತು. ಬಟ್ಟೆ ತಗೊಂಡ್ಲು, ಟೀ ತಗೊಂಡ್ಲು, ಹೋಗ್ಲಿ. ನನ್ನ ಕಷ್ಟಾನೂ ಇವಳೇ ತಗೊಂಡ್ಲಲ್ಲ, ಹಾಳಾದೋಳು.

ಮಾರನೆಯ ದಿನ ಬಾಗಿಲು ತೆರೆದು ಗುಡಿಸಲು ಬಂದವಳು ಮೊದಲು ಸುತ್ತಿಗೆ ಎತ್ತಿಕೊಂಡಳು. ತಲೆ ಕಳಚದ ಹಾಗೆ ಮರದ ಕಾವಿನ ತುದಿಗೆ ಬಡಿದಿದ್ದ ಬೆಣೆಯನ್ನು ಎರಡು ಪೆಟ್ಟಿಗೆ ಸಡಿಲ ಮಾಡಿ, ಇದ್ದ ಜಾಗದಲ್ಲೇ ಇಟ್ಟಳು.

ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆಯ ತಲೆ ಕಳಚಿ ಚಿಕ್ಕವಳ ಎಡಗೈ ಮೇಲೆ ಬಿತ್ತು. ಹೆಬ್ಬೆರಳು ಜಜ್ಜಿ ಹೋಯಿತು. ಅವಳು ಕೈಯನ್ನು ತೊಡೆಗಳ ನಡುವೆ ಒತ್ತಿಕೊಂಡು ಮುದುಡಿದಳು.

“ದಿಂಬು, ದಿಂಬು! ರಕ್ತ ಬೀಳಿಸ್ಬೇಡ ಅದ್ರ ಮೇಲೆ!” ಮ್ಯಾನೇಜರ್ ಓಡಿಬಂದ. “ನಾಳೆ ಕಂಪನಿ ಧಣಿಗಳು ಬರ್ತಿದಾರೆ, ಅತಿಥಿಗಳನ್ನ ಕರ್ಕೊಂಡು. ಇವತ್ತೇ ಕೈ ಜಜ್ಕೊಳ್ಬೇಕಿತ್ತಾ ಮುಂಡೇದೇ?”

ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಓಡಾಡಿದ. ಆಮೇಲೆ ಅವನ ಮುಖ ಅರಳಿತು. ದೊಡ್ಡವಳತ್ತ ಬೆರಳು ತೋರಿಸಿದ.

“ಏಯ್, ನಾಳೆ ನೀನು ಪರದೆ ಹಿಂದೆ ಕೂತ್ಕೊಂಡು ಒಡಿ. ಅವಳು ಮುಂದೆ ಕೂತು ಬಲಗೈ ಎತ್ತಿ ಇಳಿಸ್ಲಿ. ಸದ್ದು ನಿಂದು, ಮುಖ ಅವಳ್ದು. ಗೊತ್ತಾಯ್ತಾ? ಕೆಮ್ಮಿದ್ರೆ ಹಲ್ಲು ಉದುರಿಸ್ತೀನಿ.”

ಸಂಜೆ ನಲ್ಲಿಯ ಹತ್ತಿರ ದೊಡ್ಡವಳು ಹಳೆ ಬಟ್ಟೆ ಹರಿದು ಚಿಕ್ಕವಳ ಬೆರಳಿಗೆ ಸುತ್ತಿದಳು. ಅಷ್ಟು ಹತ್ತಿರದಿಂದ ಅವಳ ಕೈ ನೋಡಿದ್ದು ಅದೇ ಮೊದಲು. ಉಗುರು ಕಪ್ಪಾಗಿತ್ತು.

“ಬೆಣೆ ಸಡಿಲ ಮಾಡಿದ್ದು ನಾನೇ ಕಣೇ.”

“ಗೊತ್ತು.”

“ಹೆಂಗೆ?”

“ಸುತ್ತಿಗೆಯಿಂದ ಬೆಣೆ ತೆಗೆಯೋಕೆ ಇಲ್ಲಿ ಇನ್ಯಾರಿಗೆ ಬರತ್ತಕ್ಕ? ಆ ಮ್ಯಾನೇಜರ್ ಬೋಳಿಮಗನಿಗೆ ಯಾವ ಕಡೆ ಕಾವು, ಯಾವ ಕಡೆ ತಲೆ ಅಂತಾನೂ ಗೊತ್ತಿಲ್ಲ.”

ದೊಡ್ಡವಳಿಗೆ ನಗು ಬಂತು, ತಡೆದುಕೊಂಡಳು. “ಬೈಯೇ ನನ್ನ. ಹೊಡಿ ಬೇಕಾದ್ರೆ.”

“ನಂಗೂ ನಿನ್ನ ಕಂಡ್ರೆ ಹೊಟ್ಟೆಕಿಚ್ಚೇ ಕಣಕ್ಕ. ನಿಂಗೆ ಗುಡ್ಡದ ಒಂದೊಂದು ಕಲ್ಲೂ ಗೊತ್ತು. ನಾನು ಗಿಣಿ ಥರ ಒದರ್ತೀನಿ. ಯಾರಾದ್ರೂ ತಿರುಗಿಸಿ ಒಂದು ಮಾತು ಕೇಳಿದ್ರೆ ಮತ್ತೆ ಪಾಠದ ಮೊದಲ ಸಾಲಿಗೇ ಓಡ್ತೀನಿ. ನೀನು ಹಿಂದೆ ಪೊರಕೆ ಹಿಡಿದು ನಿಂತು ನನ್ನ ನೋಡ್ತಿರ್ತೀಯಲ್ಲ, ಕಳ್ಳೀನ ನೋಡಿದಂಗೆ.”

ಆ ಮಾತು ದೊಡ್ಡವಳಿಗೆ ಸ್ವಲ್ಪ ಹಿತವಾಯಿತು. ಆದರೂ ಗಂಟು ಬಿಗಿಯುವಾಗ ಚಿಕ್ಕವಳ ಹೊಸ ಬಟ್ಟೆಯ ಅಂಚು ಕಣ್ಣಿಗೆ ಬಿದ್ದು, ಒಂದು ಗಳಿಗೆ ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿಯೇ ಎಳೆದಳು.

ಮರುದಿನ ಧಣಿ ಬಂದ, ಹಿಂದೆ ಇಪ್ಪತ್ತು ಮಂದಿ ಅತಿಥಿಗಳು. ದೊಡ್ಡವಳು ಪರದೆಯ ಹಿಂದೆ ಧೂಳಿನಲ್ಲಿ ಮಂಡಿ ಮಡಚಿ ಕೂತಿದ್ದಳು. ಸಂದಿಯಲ್ಲಿ ಚಿಕ್ಕವಳ ಬಲಗೈ ಮಾತ್ರ ಕಾಣುತ್ತಿತ್ತು. ಅದು ಇಳಿದಾಗ ಇವಳು ಒಡೆಯಬೇಕು. ನಾಲ್ಕು ಸಲ ಸರಿಯಾಗಿ ಒಡೆದಳು. ಐದನೇ ಸಲ ಚಿಕ್ಕವಳ ಕೈ ಇನ್ನೂ ಮೇಲೆಯೇ ಇದ್ದಾಗ ಠಣ್ ಎನಿಸಿದಳು. ಯಾರೋ ಕಿಸಕ್ಕೆಂದರು. ಪರದೆಯ ಅಡಿಯಿಂದ ಮ್ಯಾನೇಜರನ ಬೂಟು ಬಂದು ಅವಳ ಮೊಣಕಾಲಿಗೆ ಒದೆಯಿತು.

ಜನ ಅಲ್ಲಿಂದ ಸರಿದು ಹಜಾರದ ಇನ್ನೊಂದು ಬದಿಗೆ ಬಂದರು. ಅಲ್ಲಿ ಮೇಜಿನ ಮೇಲೆ ಪೂರಾ ಗುಡ್ಡವನ್ನೇ ಸುಣ್ಣದ ಗಾರೆಯಲ್ಲಿ ಮಾಡಿಟ್ಟಿದ್ದರು. ತುಂಬ ಹಸಿರು. ಹಳ್ಳಕ್ಕೆ ನೀಲಿ ಬಣ್ಣ. ನೆತ್ತಿಯ ಮೇಲೆ ಧಣಿಯ ಬಂಗಲೆ, ಬೆರಳುದ್ದದ್ದು, ಬೆಳ್ಳಗೆ.

ನರೆಗೂದಲಿನ ಅತಿಥಿಯೊಬ್ಬರು ಅದರ ಮೇಲೆ ಬಗ್ಗಿ ಕೇಳಿದರು. “ಎಲ್ಲಾ ಕಡೆ ಕಾಡೇ ಇದೆಯಲ್ಲ? ಗುಂಡಿಗಳು ಎಲ್ಲಿದ್ದವು?”

“ಅಂಥಾ ಗುಂಡಿ ಏನಿರ್ಲಿಲ್ಲ, ಸುಮ್ನೆ ಮೇಲ್ಮೇಲೆ ಕೆರೆದಿದ್ದಷ್ಟೇ. ಒಂದು ಜೀವಕ್ಕೂ ಅಪಾಯ ಆಗಿಲ್ಲ,” ಮ್ಯಾನೇಜರ್ ಹಲ್ಲು ಕಿರಿದ. “ಬೇಕಾದ್ರೆ ಅಲ್ಲೇ ದುಡಿದೋಳನ್ನ ಕೇಳಿ. ಹೇಳಮ್ಮ.”

ಚಿಕ್ಕವಳು ಎದ್ದು ನಿಂತಳು. ಬಾಯಿ ತೆರೆದಳು. ಪಾಠದ ಮೊದಲ ಸಾಲು ಅರ್ಧ ಬಂದು ನಿಂತಿತು.

“ನಂಗೊತ್ತಿಲ್ಲ,” ಎಂದಳು. “ನಾನು ದುಡಿದಿದ್ದು ನಾಲ್ಕೇ ತಿಂಗಳು. ಗೊತ್ತಿರೋಳು ಇಲ್ಲಿದಾಳೆ.” ಕಟ್ಟು ಕಟ್ಟಿದ ಕೈಯಿಂದಲೇ ಪರದೆ ಹಿಡಿದು ಎಳೆದಳು. ಪರದೆ ಕೋಲಿನ ಸಮೇತ ಕೆಳಗೆ ಬಿತ್ತು.

ತಲೆತುಂಬ ಧೂಳು ಹೊತ್ತು ಕೂತಿದ್ದ ದೊಡ್ಡವಳನ್ನು ಎಲ್ಲರೂ ನೋಡಿದರು. ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಆಗಲಿಲ್ಲ. ಸುತ್ತಿಗೆ ಹಿಡಿದೇ ಎದ್ದು ಮೇಜಿನ ಹತ್ತಿರ ಬಂದಳು.

“ಒಂದನೇದು ಇಲ್ಲಿ,” ಎಂದು ಹಸಿರಿನ ಮೇಲೆ ಒಂದು ಪೆಟ್ಟು ಹಾಕಿದಳು. ಗಾರೆ ಒಡೆದು ಒಳಗಿನ ಬಿಳಿ ಕಂಡಿತು. “ನಮ್ಮತ್ತೆ ಒಡೆದಿದ್ದು. ಎರಡನೇದು, ಮೂರನೇದು, ಹಳ್ಳದ ಮೇಲೆ, ಇಲ್ಲಿ. ಈ ನೀರು ನೀಲಿ ಅಲ್ಲ. ನಾಲ್ಕನೇದು ಸುರಂಗ. ಕುಸಿದಾಗ ಒಳಗೆ ಒಂಬತ್ತು ಜನ ಇದ್ರು. ಇನ್ನೂ ಒಳಗೇ ಇದಾರೆ. ನನ್ನ ಗಂಡಾನೂ.”

“ಹಿಡೀರೋ ಆ ಹುಚ್ಚೀನ!” ಧಣಿ ಅರಚಿದ. ಮ್ಯಾನೇಜರ್ ಅವಳ ತೋಳಿಗೆ ಕೈ ಹಾಕಿದ. ಚಿಕ್ಕವಳು ಹಿಂದಿನಿಂದ ಅವನ ಕೊರಳಪಟ್ಟಿ ಹಿಡಿದು ಜಗ್ಗಿದಳು.

“ಐದನೇದೆಲ್ಲಿ ಅಕ್ಕ? ಬೇಗ ಹೇಳು!”

ಐದನೇ ಗುಂಡಿ ಎಲ್ಲಕ್ಕಿಂತ ಆಳದ್ದು. ಮುಚ್ಚಿದ ಮೇಲೆ ಅದೇ ಮಣ್ಣನ್ನು ದಮ್ಮಸ್ಸು ಮಾಡಿ ಮೇಲೆ ಧಣಿಯ ಮನೆ ಕಟ್ಟಿದ್ದರು. ದೊಡ್ಡವಳು ಮೂರು ಬೆರಳಿನ ಕೈಯನ್ನು ಗುಡ್ಡದ ನೆತ್ತಿಯ ಮೇಲೆ ಊರಿ, ಬೆಳ್ಳನೆಯ ಬಂಗಲೆಗೆ ಗುರಿಯಿಟ್ಟು, ಸುತ್ತಿಗೆಯನ್ನು ಕಿವಿಯವರೆಗೂ ಎತ್ತಿದಳು.