ಹೋದ ಬೇಸಿಗೆಯ ಗ್ಯಾಸ್ ಎಲ್ಲಿ ಹೋಯಿತು?

ಬೇಸಿಗೆ ಬಂತೆಂದರೆ ನಮ್ಮ ಬೀದಿಯ ಫ್ರಿಜ್‌ಗಳೆಲ್ಲ ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಕೈಕೊಡುತ್ತವೆ. ಹಾಲು ಒಡೆಯುತ್ತದೆ, ಸೊಪ್ಪು ಬಾಡುತ್ತದೆ, ಮನೆಯವರ ಮುಖವೂ ಬಾಡುತ್ತದೆ. ಆಗ ಎಲ್ಲರೂ ಓಡಿಬರುವುದು ಫ್ರಿಜ್ಜಣ್ಣನ ಅಂಗಡಿಗೆ. ಪಕ್ಕದ ಹೊಲಿಗೆ ಅಂಗಡಿ ನನ್ನದು. ನಡುವೆ ಇರುವುದು ಒಂದು ಹಲಗೆ ಗೋಡೆ ಅಷ್ಟೇ. ಅಲ್ಲಿಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಕೇಳಬಾರದು ಎಂದು ನಾನೇನೂ ಕಿವಿ ಮುಚ್ಚಿಕೊಳ್ಳುವುದಿಲ್ಲ, ಸುಳ್ಳೇಕೆ ಹೇಳಲಿ.

ಅಣ್ಣನಿಗೆ ಒಬ್ಬಳೇ ಮಗಳು. ಹಳೆಯ ಫ್ರಿಜ್ ಬಿಚ್ಚುವಾಗ ಒಳಗೆ ಉಳಿದ ಗ್ಯಾಸನ್ನು ಅಣ್ಣ ‘ಬುಸ್’ ಎಂದು ಹೊರಗೆ ಬಿಡುತ್ತಿದ್ದರು. ಕೂಸಾಗಿದ್ದಾಗ ಆ ಸದ್ದು ಕೇಳಿದರೆ ಸಾಕು, ಅವಳು ಅಳು ನಿಲ್ಲಿಸಿ ಕೇಕೆ ಹಾಕಿ ನಗುತ್ತಿದ್ದಳು. ‘ಅಪ್ಪ’ ಅನ್ನುವ ಮೊದಲೇ ಅವಳ ಬಾಯಲ್ಲಿ ‘ಬುಸ್’ ಬಂತು. ಅಂದಿನಿಂದ ಇಡೀ ಬೀದಿಗೆ ಅವಳು ಬುಸ್ಸಮ್ಮ.

ಆ ಬುಸ್ಸಮ್ಮ ಹತ್ತನೇ ತರಗತಿ ಮುಗಿಸುವ ಹೊತ್ತಿಗೆ, ಎಸಿ-ಫ್ರಿಜ್ ರಿಪೇರಿಯ ತರಬೇತಿಗೆ ಸೇರುತ್ತೇನೆ ಎಂದು ಹಟ ಹಿಡಿದಳು. ಅವಳಮ್ಮ ಒಪ್ಪಿದರು. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಗಳು ಬ್ಯಾಂಕಿನಲ್ಲಿ ಕುರ್ಚಿ ಮೇಲೆ ಕೂರಬೇಕು, ಕೈಗೆ ಮಸಿ ಅಂಟಬಾರದು, ಅದು ಅವರ ಆಸೆ. ತರಬೇತಿಗೆ ಹೆಸರು ಕೊಡಲು ಅದೇ ವಾರ ಕೊನೆ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಅಪ್ಪ ಮಗಳು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು.

ಅಷ್ಟರಲ್ಲಿ ಬುಸ್ಸಮ್ಮನ ಶಾಲೆಯಿಂದ ಅಣ್ಣನಿಗೆ ಕರೆ ಬಂತು. ಕಂಪ್ಯೂಟರ್ ಕೋಣೆಯ ಎಸಿ ತಂಪು ಕೊಡುತ್ತಿಲ್ಲ ಎಂದು. ಆ ವರ್ಷ ಬುಸ್ಸಮ್ಮ ಮತ್ತು ಅವಳ ಜೊತೆಯ ಮಕ್ಕಳು ವಿಜ್ಞಾನದ ಮೇಡಂ ಜೊತೆ ಸೇರಿ ಕರೆಂಟ್ ಉಳಿಸಲು ಒಂದು ತಂಡ ಕಟ್ಟಿದ್ದರು. ಎಸಿಯ ಫಿಲ್ಟರ್ ತೊಳೆದರು. ಹದಿನೆಂಟು ಡಿಗ್ರಿಯಲ್ಲಿ ಓಡುತ್ತಿದ್ದುದನ್ನು ಇಪ್ಪತ್ತಾರಕ್ಕೆ ಇಟ್ಟರು. ಯಾರೂ ಇಲ್ಲದ ಕೋಣೆಯ ಫ್ಯಾನು, ದೀಪ ಆರಿಸಲು ಪಾಳಿ ಹಾಕಿಕೊಂಡರು. ಸಂಜೆ ಬಿಸಿಲು ಬೀಳುವ ಕಿಟಕಿಗಳಿಗೆ ದಪ್ಪ ಪರದೆ ಬೇಕೆಂದು ನನ್ನ ಹತ್ತಿರ ಹೊಲಿಸಿದರು. ಆ ಪರದೆ ಹಾಕಲು ನಾನೂ ಅಣ್ಣನ ಜೊತೆಗೇ ಹೊರಟೆ.

ಎಸಿಯ ಹೊರಗಿನ ಪೆಟ್ಟಿಗೆ ಇದ್ದದ್ದು ಅಂಗಳದ ಗೋಡೆ ಪಕ್ಕ. ಮಕ್ಕಳು ಸುತ್ತ ನಿಂತರು. ಗ್ಯಾಸ್ ಕಡಿಮೆಯಾಗಿದೆ, ಉಳಿದದ್ದನ್ನು ಬಿಟ್ಟು ಹೊಸದಾಗಿ ತುಂಬಿದರಾಯಿತು ಎಂದು ಅಣ್ಣ ಸ್ಪ್ಯಾನರ್ ಎತ್ತಿದರು. ಬುಸ್ಸಮ್ಮ ಮುಂದೆ ಬಂದು ಅವರ ಕೈ ಹಿಡಿದುಕೊಂಡಳು.

“ಬಿಡಬೇಡ ಅಪ್ಪ.”

“ಬರೀ ಗಾಳಿ ಕಣೇ ಇದು. ಚಿಕ್ಕೋಳಿದ್ದಾಗ ಇದನ್ನ ಕೇಳಿನೇ ನಗ್ತಿದ್ದೆ,” ಎಂದರು ಅಣ್ಣ.

ಮೇಡಂ ನಿಧಾನವಾಗಿ ವಿಷಯ ಬಿಡಿಸಿ ಹೇಳಿದರು. ಭೂಮಿಯ ಸುತ್ತ ಇರುವ ಕೆಲವು ಅನಿಲಗಳು ಬಿಸಿಯನ್ನು ಹೊರಗೆ ಹೋಗಲು ಬಿಡದೆ ಹಿಡಿದಿಡುತ್ತವೆ. ಕಾರು, ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಂಥದ್ದು. ಎಸಿ, ಫ್ರಿಜ್‌ಗಳಲ್ಲಿ ತುಂಬುವ ಎಷ್ಟೋ ಗ್ಯಾಸ್‌ಗಳು, ತೂಕಕ್ಕೆ ತೂಕ ನೋಡಿದರೆ, ಅದಕ್ಕಿಂತ ಸಾವಿರ ಪಟ್ಟಿಗಿಂತಲೂ ಹೆಚ್ಚು ಬಿಸಿ ಹಿಡಿಯುತ್ತವೆ. ಪೈಪಿನೊಳಗೆ ಇರುವವರೆಗೆ ತೊಂದರೆಯಿಲ್ಲ. ಹೊರಗೆ ಬಿಟ್ಟರೆ ಕಷ್ಟ.

ಅಣ್ಣ ನಕ್ಕುಬಿಟ್ಟರು. “ನನ್ನೊಬ್ಬನ ಸ್ಪ್ಯಾನರ್‌ನಿಂದ ಭೂಮಿ ಬಿಸಿ ಆಗುತ್ತಾ ಮೇಡಂ?”

ಮೇಡಂ ಉತ್ತರ ಕೊಡುವ ಮೊದಲೇ ಮಗಳು ಕೇಳಿದಳು: “ಅಪ್ಪ, ಹೋದ ಬೇಸಿಗೆಯಲ್ಲೂ ಈ ಎಸಿಗೆ ನೀನೇ ಗ್ಯಾಸ್ ತುಂಬಿದ್ದೆ. ಅದೆಲ್ಲಿ ಹೋಯ್ತು?”

ಅಣ್ಣ ಪೈಪುಗಳ ಕಡೆ ತಿರುಗಿದರು. ಅವಳು ಶಾಲೆಯ ಬಚ್ಚಲಿನಿಂದ ಸೋಪು ತಂದು, ಲೋಟದಲ್ಲಿ ನೊರೆ ಮಾಡಿ, ಪೈಪಿನ ಬೆಸುಗೆಗಳಿಗೆಲ್ಲ ಬ್ರಷ್‌ನಿಂದ ಹಚ್ಚಿದಳು. ಎಲ್ಲರೂ ಬಗ್ಗಿ ನೋಡಿದೆವು. ಕೆಳಗಿನ ಬೆಸುಗೆಯಲ್ಲಿ ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು, ಒಡೆಯಿತು, ಮತ್ತೊಂದು ಉಬ್ಬಿತು.

“ಇದನ್ನ ನನಗೆ ಕಲಿಸಿದ್ದು ನೀನೇ,” ಎಂದಳು.

ಹೌದು, ಅವರೇ ಕಲಿಸಿದ್ದರು. ಬೇಸಿಗೆಯ ನೂಕುನುಗ್ಗಲಿನಲ್ಲಿ ಸೋರಿಕೆ ಹುಡುಕಲು ಯಾರಿಗೆ ಪುರುಸೊತ್ತು? ಗ್ಯಾಸ್ ತುಂಬು, ಮುಂದಿನ ಮನೆಗೆ ಓಡು. ಅಣ್ಣ ಸ್ಪ್ಯಾನರ್ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಆಮೇಲೆ ಅಂಗಿಯ ತೋಳು ಮಡಚಿ ಮಗಳಿಗೆ ತೋರಿಸಿದರು. ಬೆಸುಗೆಯ ಬೆಂಕಿ ತಾಕಿದ ಹಳೆಯ ಕಲೆಗಳು ಮೊಣಕೈವರೆಗೂ ಇದ್ದವು.

“ನಿನ್ನ ಕೈ ಹೀಗಾಗಬಾರದು ಅಂತ ನಾನು ಬೇಡ ಅಂದಿದ್ದು ಕಣಮ್ಮ. ಈ ಕೆಲಸ ಕೀಳು ಅಂತಲ್ಲ.”

ಬುಸ್ಸಮ್ಮ ಅವರ ಪಕ್ಕ ಕುಳಿತಳು. “ನಾನು ಕೈಗವಸು ಹಾಕ್ಕೊಂಡು ಮಾಡ್ತೀನಪ್ಪ. ನೀನೂ ಹಾಕ್ಕೊ. ಸೆಖೆ ಹೆಚ್ಚಾದಷ್ಟೂ ಜನ ಎಸಿ ಹಾಕಿಸ್ತಾರೆ. ಅವು ಸೋರಿದಷ್ಟೂ ಸೆಖೆ ಹೆಚ್ಚಾಗುತ್ತೆ. ಸೋರದ ಹಾಗೆ ಮಾಡೋರು ಬೇಕಲ್ವಾ? ಅದೇ ನನ್ನ ಕೆಲಸ.”

ನನಗೆ ಕಣ್ಣು ತುಂಬಿ ಬಂತು. ಪರದೆಯ ಕೊಕ್ಕೆ ಸಿಗುತ್ತಿಲ್ಲ ಎಂದು ಸುಮ್ಮನೆ ಚೀಲ ತಡಕಿದೆ.

ಅಣ್ಣ ಆ ದಿನ ಗ್ಯಾಸ್ ಬಿಡಲಿಲ್ಲ. ಅದನ್ನು ಹೊರಗೆ ಬಿಡದೆ ಸಿಲಿಂಡರ್‌ಗೆ ಎಳೆದುಕೊಳ್ಳುವ ಯಂತ್ರ ತರಬೇತಿ ಶಾಲೆಯಲ್ಲಿತ್ತು. ಮಾರನೆಯ ದಿನ ಅಲ್ಲಿಯ ಮೇಷ್ಟ್ರೇ ಅದನ್ನು ತಂದರು. ಉಳಿದ ಗ್ಯಾಸ್ ಸಿಲಿಂಡರ್ ಸೇರಿತು, ಬೆಸುಗೆ ಸರಿಯಾಯಿತು, ಎಸಿಗೆ ಮತ್ತೆ ಗ್ಯಾಸ್ ತುಂಬಿದ್ದಾಯಿತು, ಕೋಣೆ ತಂಪಾಯಿತು. ಮೇಷ್ಟ್ರು ಹೊರಡುವಾಗ ಅಣ್ಣ ತಾವಾಗಿಯೇ ಮಗಳ ಹೆಸರು ಕೊಟ್ಟರು.

ಸಂಜೆ ಹಲಗೆ ಗೋಡೆಯ ಆಚೆಯಿಂದ ಅವರ ತಲೆ ಇಣುಕಿತು. “ಟೈಲರಮ್ಮ, ಮಗಳಿಗೆ ತರಬೇತಿಗೆ ಹಾಕ್ಕೊಳ್ಳೋಕೆ ಒಂದು ದಪ್ಪ ಬಟ್ಟೆಯ ಕೋಟು ಹೊಲಿಬೇಕು. ಉದ್ದ ತೋಳಿರಲಿ.” ನಾನು ಬುಸ್ಸಮ್ಮನನ್ನು ಕರೆದು ಅಳತೆ ತೆಗೆದುಕೊಂಡೆ. ಅವರು ಹೋಗಲಿಲ್ಲ. ತಲೆ ಕೆರೆದುಕೊಂಡು ಅಲ್ಲೇ ನಿಂತಿದ್ದರು.

“ಇನ್ನೊಂದು ನನ್ನ ಅಳತೆಗೂ ಹೊಲೀರಿ. ಗ್ಯಾಸ್ ಎಳೆಯೋದನ್ನ ಕಲಿಸೋ ಸಣ್ಣ ತರಗತಿ ಇದೆಯಂತೆ. ನಾನೂ ಹೋಗ್ತೀನಿ.”

ಈಗ ಆ ಅಂಗಡಿಯಲ್ಲಿ ‘ಬುಸ್’ ಸದ್ದು ಕೇಳುವುದಿಲ್ಲ. ಅಪ್ಪನಿಗೆ ಕೋಪ ಬಂದಾಗ ನಗಿಸಲೆಂದು ಬುಸ್ಸಮ್ಮ ಬಾಯಲ್ಲಿ ಮಾಡುತ್ತಾಳೆ, ಅಷ್ಟೇ.

ಇದನ್ನು ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯ ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸುತ್ತಿದ್ದರೆ ಮೊದಲು ಸೋರಿಕೆ ಹುಡುಕಿಸಿ. ಹಳೆಯ ಫ್ರಿಜ್ ಗುಜರಿಗೆ ಹಾಕುವ ಮುನ್ನ ಅದರ ಗ್ಯಾಸನ್ನು ಬಲ್ಲವರಿಂದ ತೆಗೆಸಿ. ಮಕ್ಕಳೇ, ನಿಮ್ಮ ಶಾಲೆಯ ಕೋಣೆ ಕೋಣೆ ಸುತ್ತಿ ನೋಡಿ, ಸರಿಮಾಡಬಹುದಾದದ್ದು ಖಂಡಿತ ಸಿಗುತ್ತದೆ. ಮತ್ತೆ ನಿಮ್ಮ ಮಗನೋ ಮಗಳೋ ನಾಳೆ ಬಂದು, ಭೂಮಿಯ ಸೆಖೆ ಇಳಿಸುವ ಕೆಲಸವನ್ನೇ ಕಲಿಯುತ್ತೇನೆ ಎಂದರೆ, ಬೇಡ ಎನ್ನುವ ಮುಂಚೆ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿ. ಕೋಟು ಬೇಕಾದರೆ ನಾನು ಹೊಲಿದುಕೊಡುತ್ತೇನೆ.